ಬಾದಾಮಿಯ ಬಂಡೆಯಿಂದ ಅಮೂರ್ತ ಚಿತ್ರ

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆಯನ್ನು ಅಮೂರ್ತವಾಗಿ ಚಿತ್ರಿಸುವಾಗ ಅದರ ಆಕಾರವನ್ನು ಬದಿಗಿಟ್ಟು, ಬಣ್ಣವನ್ನೂ ಒರಟುತನವನ್ನೂ ಮಾತ್ರ ಎತ್ತಿಕೊಳ್ಳಬೇಕು. ಕ್ಯಾನ್ವಾಸಿಗೆ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಬಿಳಿಯ ಲೇಪವಾದ ಜೆಸ್ಸೊ ಬಳಿದು ಒಣಗಿಸಿದ ಮೇಲೆ, ಪೆನ್ಸಿಲ್ಲಿನ ಗೆರೆಯ ಹಂಗಿಲ್ಲದೆ, ಕಾವಿ ಬಣ್ಣದ ಅಕ್ರಿಲಿಕ್ಕನ್ನು ಅಗಲವಾದ ಕುಂಚದಿಂದ ಹರಡಿ, ಅದು ಹಸಿಯಿರುವಾಗಲೇ ಹಳೆಯ ಹಣಿಗೆಯಿಂದ ಅಡ್ಡಲಾಗಿ ಕೆರೆದರೆ, ಕೆಳಗಿನ ಬಿಳುಪು ಬಂಡೆಯ ಪದರಗಳಂತೆ ಇಣುಕುತ್ತದೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಅಕ್ರಿಲಿಕ್ ನಿಮಿಷಗಳಲ್ಲೇ ಒಣಗುವುದರಿಂದ, ಆಗಾಗ ನೀರು ಚಿಮುಕಿಸುತ್ತ, ಒಮ್ಮೆಗೆ ಅಂಗೈಯಗಲದ ಜಾಗವನ್ನಷ್ಟೇ ಕೆರೆಯುವುದು ಲೇಸು. ಎರಡು ಒಳ್ಳೆಯ ಕುಂಚಗಳು ಕಟ್ಟಿಗೆಯಂತಾದ ಮೇಲೆಯೇ ನನಗಿದು ತಿಳಿದದ್ದು. ಬಣ್ಣ ತಾನಾಗಿ ಹರಿದು ಮೂಡಿದ ಕಲೆಯನ್ನು ಕೂಡಲೇ ಮುಚ್ಚದೆ, ಕ್ಯಾನ್ವಾಸನ್ನು ತಲೆಕೆಳಗಾಗಿ ನಿಲ್ಲಿಸಿ ಮರುದಿನ ನೋಡಿರಿ. ಆಗಲೂ ಕಣ್ಣಿಗೆ ಚುಚ್ಚಿದರೆ ಮೇಲೊಂದು ತೆಳುಪದರ ಬಳಿಯಿರಿ.