ಬೆಣ್ಣೆ ಬೇಡ, ಮೊಟ್ಟೆ ಬೇಡ: ಶರತ್ಕಾಲಕ್ಕೊಂದು ಮಸಾಲೆ ಹಣ್ಣಿನ ಪೈ

ವೀಗನ್ ಪೈ, ಅಂದರೆ ಪ್ರಾಣಿಮೂಲದ ಏನನ್ನೂ ಬಳಸದ ಪೈ, ಎಂದ ಕೂಡಲೇ ಕೆಲವರ ಮುಖ ಸಣ್ಣದಾಗುತ್ತದೆ. ಬೆಣ್ಣೆಯಿಲ್ಲದೆ ಗರಿಗರಿ ಎಲ್ಲಿಂದ ಬರಬೇಕು, ಮೊಟ್ಟೆಯಿಲ್ಲದೆ ಬಣ್ಣ ಹೇಗೆ ಏರಬೇಕು ಎಂಬ ಅನುಮಾನ. ಆದರೆ ಕೆಟ್ಟುಹೋದ ಪೈಗಳನ್ನು ಒಮ್ಮೆ ಬಿಡಿಸಿ ನೋಡಿ: ಅಪರಾಧಿ ಬೆಣ್ಣೆಯ ಕೊರತೆಯೂ ಅಲ್ಲ, ಮೊಟ್ಟೆಯ ಕೊರತೆಯೂ ಅಲ್ಲ, ನೀರು. ಕಣಕಕ್ಕೆ ಹೆಚ್ಚು ಬಿದ್ದ ನೀರು ಹೊರಪದರವನ್ನು ಗಡುಸಾಗಿಸುತ್ತದೆ. ಹಣ್ಣು ಬಿಟ್ಟ ನೀರು ತಳವನ್ನು ಬೇಯಲು ಬಿಡುವುದಿಲ್ಲ. ಬಿಸಿಯಿದ್ದಾಗಲೇ ಚಾಕು ಹಾಕಿದರೆ ಅದೇ ನೀರು ತಟ್ಟೆ ತುಂಬ ಹರಿಯುತ್ತದೆ. ಆದ್ದರಿಂದ ಕೆಳಗಿನ ವಿಧಾನದಲ್ಲಿ ಹೆಚ್ಚಿನ ಶ್ರಮವೆಲ್ಲ ನೀರನ್ನು ಹದ್ದುಬಸ್ತಿನಲ್ಲಿಡುವುದಕ್ಕೇ ಮೀಸಲು.

ಶರತ್ಕಾಲದ ಪೈಗೆ ಸೇಬು ಮತ್ತು ಪಿಯರ್ ಜೋಡಿ ನನ್ನ ಆಯ್ಕೆ. ಭೂಮಿಯ ಉತ್ತರಾರ್ಧದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೆಂದರೆ ಇವೆರಡರ ಕೊಯ್ಲಿನ ಕಾಲ. ತಿಂಗಳುಗಟ್ಟಲೆ ಶೀತಲಗೃಹದಲ್ಲಿದ್ದ ಸೇಬು ಹುಳಿಯನ್ನೂ ಬಿಗಿಯನ್ನೂ ಕಳೆದುಕೊಂಡಿರುತ್ತದೆ. ಹೊಸದಾಗಿ ಕೊಯ್ದ ಸೇಬಿನಲ್ಲಿ ಎರಡೂ ಇರುತ್ತವೆ, ಪೈಗೆ ಬೇಕಾದದ್ದೂ ಅವೇ.

ಏನೇನು ಬೇಕು

23 ಸೆಂಟಿಮೀಟರ್ ಅಗಲ, ಸುಮಾರು 4 ಸೆಂಟಿಮೀಟರ್ ಆಳದ ಒಂದು ಪೈ ತಟ್ಟೆಗೆ ಈ ಅಳತೆ. ಎಂಟು ಜನಕ್ಕೆ ಸಾಕು.

ಕಣಕಕ್ಕೆ: ಮೈದಾ 320 ಗ್ರಾಂ, ಸಂಸ್ಕರಿಸಿದ ಕೊಬ್ಬರಿ ಎಣ್ಣೆ 170 ಗ್ರಾಂ, ಸಕ್ಕರೆ ಒಂದು ದೊಡ್ಡ ಚಮಚ, ಉಪ್ಪು ಒಂದು ಸಣ್ಣ ಚಮಚ, ವಿನೆಗರ್ ಒಂದು ಸಣ್ಣ ಚಮಚ, ಮಂಜುಗಡ್ಡೆ ಹಾಕಿಟ್ಟ ನೀರು 90ರಿಂದ 120 ಮಿಲಿಲೀಟರ್.

ಹೂರಣಕ್ಕೆ: ಸೇಬು ಒಂದು ಕಿಲೋ, ಪಿಯರ್ ಎರಡು, ಕಂದು ಸಕ್ಕರೆ 120 ಗ್ರಾಂ, ಒಣದ್ರಾಕ್ಷಿ ಒಂದು ಹಿಡಿ, ಕಾರ್ನ್‌ಫ್ಲೋರ್ ಮೂರು ದೊಡ್ಡ ಚಮಚ, ನಿಂಬೆರಸ ಒಂದು ದೊಡ್ಡ ಚಮಚ, ಚಿಟಿಕೆ ಉಪ್ಪು. ಮಸಾಲೆಗೆ ಚಕ್ಕೆ ಪುಡಿ ಒಂದೂವರೆ ಸಣ್ಣ ಚಮಚ, ಒಣಶುಂಠಿ ಪುಡಿ ಒಂದು ಸಣ್ಣ ಚಮಚ, ಏಲಕ್ಕಿ ಪುಡಿ ಅರ್ಧ, ತುರಿದ ಜಾಯಿಕಾಯಿ ಕಾಲು, ಲವಂಗದ ಪುಡಿ ಒಂದು ಚಿಟಿಕೆ.

ಮೇಲೆ ಸವರಲು: ಸೋಯಾ ಹಾಲು ಎರಡು ದೊಡ್ಡ ಚಮಚ, ಮೇಪಲ್ ಸಿರಪ್ ಒಂದು ಸಣ್ಣ ಚಮಚ.

ವೀಗನ್ ಅತಿಥಿಗಳಿಗಾಗಿ ಮಾಡುವವರಿಗೆ ಒಂದು ಎಚ್ಚರಿಕೆ. ಜೇನುತುಪ್ಪ ನಡೆಯುವುದಿಲ್ಲ. ಸಿದ್ಧ ಪೇಸ್ಟ್ರಿ ಹಾಳೆಗಳಲ್ಲಿ ಬೆಣ್ಣೆ ಅಥವಾ ಪ್ರಾಣಿಗಳ ಕೊಬ್ಬು ಇರಬಹುದು. ಕೆಲವು ಮಾರ್ಗರೀನ್‌ಗಳಲ್ಲಿ ಹಾಲಿನ ಅಂಶ ಅಡಗಿರುತ್ತದೆ. ಕೆಲವು ದೇಶಗಳಲ್ಲಿ ಕಬ್ಬಿನ ಬಿಳಿ ಸಕ್ಕರೆಯನ್ನು ಮೂಳೆಯ ಇದ್ದಿಲಿನಿಂದ ಶೋಧಿಸುವುದುಂಟು. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆ ಇರಲಿ.

ಕಣಕ: ತಣ್ಣಗಿದ್ದಷ್ಟೂ ಒಳ್ಳೆಯದು

ಪೈ ಪದರಗಳು ಹುಟ್ಟುವ ಬಗೆ ಸರಳ. ಹಿಟ್ಟಿನ ನಡುವೆ ಕರಗದೆ ಉಳಿದ ಕೊಬ್ಬಿನ ಚೂರುಗಳು ಓವನ್ನಿನ ಶಾಖಕ್ಕೆ ಕರಗಿ ಜಾಗ ಬಿಡುತ್ತವೆ; ಹಿಟ್ಟಿನಲ್ಲಿದ್ದ ನೀರು ಆವಿಯಾಗಿ ಆ ಜಾಗವನ್ನು ಎತ್ತಿ ಹಿಡಿಯುತ್ತದೆ. ಅಂದರೆ ಓವನ್ ಸೇರುವವರೆಗೂ ಕೊಬ್ಬು ಗಟ್ಟಿಯಾಗಿಯೇ ಇರಬೇಕು. ಕೊಬ್ಬರಿ ಎಣ್ಣೆಯ ತಕರಾರು ಇಲ್ಲೇ ಇರುವುದು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಫ್ರಿಜ್‌ನಲ್ಲಿಟ್ಟರೆ ಕಲ್ಲಾಗುತ್ತದೆ. ಬೆಣ್ಣೆಗಿರುವ ಮಧ್ಯಮ ಸ್ವಭಾವ ಇದಕ್ಕಿಲ್ಲ.

ಇದಕ್ಕೊಂದು ಸುಲಭ ಉಪಾಯವಿದೆ. ಎಣ್ಣೆಯನ್ನು ಕರಗಿಸಿ, ಬೇಕಿಂಗ್ ಕಾಗದ ಹಾಸಿದ ತಟ್ಟೆಯಲ್ಲಿ ನಾಲ್ಕೈದು ಮಿಲಿಮೀಟರ್ ದಪ್ಪಕ್ಕೆ ಹರಡಿ ಫ್ರಿಜ್‌ನಲ್ಲಿಡಿ. ಇಪ್ಪತ್ತು ನಿಮಿಷದ ನಂತರ ತೆಗೆದರೆ ಬಿಳಿಯ ಹಲಗೆಯೊಂದು ಕೈಗೆ ಬರುತ್ತದೆ. ಕಾಗದ ಸುಲಿದು ಬೆರಳಿನಿಂದ ಮುರಿದರೆ ಟಪಕ್ಕೆಂದು ತುಂಡಾಗುತ್ತದೆ. ಉಗುರಿನಗಲದ ಚೂರುಗಳು ಸಾಕು. ಡಬ್ಬಿಯಿಂದ ಗಟ್ಟಿ ಎಣ್ಣೆಯನ್ನು ಕೆತ್ತಿ ತೆಗೆಯುವ ಯಾತನೆಗಿಂತ ಇದು ಎಷ್ಟೋ ವಾಸಿ. ಸಂಸ್ಕರಿಸದ ಎಣ್ಣೆಯೂ ಆಗುತ್ತದೆ, ಆದರೆ ಅದರ ಕೊಬ್ಬರಿ ಘಮ ಮಸಾಲೆಯ ಮೇಲೆ ಸವಾರಿ ಮಾಡುತ್ತದೆ.

ಮೈದಾ, ಉಪ್ಪು, ಸಕ್ಕರೆ ಬೆರೆಸಿ, ಎಣ್ಣೆಯ ಚೂರುಗಳನ್ನು ಸೇರಿಸಿ. ಬೆರಳ ತುದಿಯಿಂದ ಚೂರುಗಳನ್ನು ಹಿಟ್ಟಿನೊಳಗೆ ಚಪ್ಪಟೆಯಾಗಿ ಅದುಮುತ್ತಾ ಹೋಗಿ. ಕೆಲವು ರವೆಯಷ್ಟು, ಕೆಲವು ಬಟಾಣಿಯಷ್ಟು ಉಳಿದಾಗ ಕೈ ತೆಗೆಯಿರಿ. ಎಲ್ಲವೂ ಒಂದೇ ಸಮ ಆಗಲೇಬೇಕೆಂಬ ಹಟ ಇಲ್ಲಿ ಹಾನಿಕರ.

ಈಗ ವಿನೆಗರ್ ಬೆರೆಸಿದ ತಣ್ಣೀರು. ಮೊದಲು 90 ಮಿಲಿಲೀಟರ್ ಚಿಮುಕಿಸಿ ಫೋರ್ಕ್‌ನಿಂದ ಕಲಸಿ. ಒಂದು ಹಿಡಿ ಹಿಟ್ಟನ್ನು ಮುಷ್ಟಿಯಲ್ಲಿ ಅಮುಕಿದಾಗ ಉಂಡೆಯಾಗಿ ನಿಂತರೆ ಅಷ್ಟೇ ಸಾಕು. ಉದುರಿಹೋದರೆ ಮಾತ್ರ ಒಂದೊಂದೇ ಚಮಚ ಸೇರಿಸಿ. ಬೆಣ್ಣೆಯಲ್ಲಿ ತನ್ನದೇ ಆದ ಒಂದಿಷ್ಟು ನೀರಿರುತ್ತದೆ, ಸುಮಾರು ನೂರಕ್ಕೆ ಹದಿನಾರು ಪಾಲು. ಕೊಬ್ಬರಿ ಎಣ್ಣೆಯಲ್ಲಿ ಏನೂ ಇಲ್ಲ. ಹಾಗಾಗಿ ಬೆಣ್ಣೆಯ ಪಾಕವಿಧಾನ ನೋಡಿ ಮಾಡುವವರಿಗೆ ಇಲ್ಲಿ ಒಂದೆರಡು ಚಮಚ ನೀರು ಹೆಚ್ಚೇ ಬೇಕಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಮೈದಾದ ಪ್ರೋಟೀನ್ ನೀರಿನ ಜೊತೆ ಸೇರಿ ಗ್ಲುಟೆನ್ ಜಾಲ ಹೆಣೆಯುತ್ತದೆ. ನಾದಿದಷ್ಟೂ ಅದು ಬಿಗಿಯಾಗುತ್ತದೆ. ನಾದಿ ನಾದಿ ಹದ ತರುವ ಅಭ್ಯಾಸವಿರುವ ಕೈಗಳು ಇಲ್ಲಿ ಸುಮ್ಮನಿರಲು ಕಲಿಯಬೇಕು.

ಹಿಟ್ಟನ್ನು ಎರಡು ಪಾಲು ಮಾಡಿ, ಒಂದು ಸ್ವಲ್ಪ ದೊಡ್ಡದಿರಲಿ. ಬಿಲ್ಲೆಯಂತೆ ತಟ್ಟಿ, ಮುಚ್ಚಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹೊರತೆಗೆದ ಕೂಡಲೇ ಲಟ್ಟಿಸಲು ಹೋದರೆ ಅಂಚೆಲ್ಲ ಬಿರಿಯುತ್ತದೆ. ಹತ್ತು ನಿಮಿಷ ಹೊರಗಿಟ್ಟು, ಬೆರಳೊತ್ತಿದರೆ ಗುರುತು ಬೀಳುವಷ್ಟು ಸಡಿಲವಾದ ಮೇಲೆ ಲಟ್ಟಣಿಗೆ ಹಿಡಿಯಿರಿ.

ಹಣ್ಣು ಮತ್ತು ಮಸಾಲೆ

ಎಲ್ಲ ಸೇಬೂ ಪೈಗೆ ಆಗುವುದಿಲ್ಲ. ಹಸಿರು ಗ್ರ್ಯಾನಿ ಸ್ಮಿತ್ ಬೆಂದ ಮೇಲೂ ಹೋಳಾಗಿಯೇ ನಿಲ್ಲುತ್ತದೆ, ಹುಳಿಯೂ ಬೇಕಾದಷ್ಟು. ಮ್ಯಾಕಿಂಟಾಶ್ ಕರಗಿ ಮುದ್ದೆಯಾಗುತ್ತದೆ. ರೆಡ್ ಡೆಲಿಶಿಯಸ್ ನೋಡಲು ಚೆಂದ, ಪೈಯಲ್ಲಿ ಸಪ್ಪೆ. ಅರ್ಧ ಗ್ರ್ಯಾನಿ ಸ್ಮಿತ್, ಅರ್ಧ ಪಿಂಕ್ ಲೇಡಿಯಂಥ ಗಟ್ಟಿ ಸಿಹಿ ಸೇಬು ಸೇರಿಸಿದರೆ ರುಚಿಗೆ ಎರಡು ದಿಕ್ಕು ಸಿಗುತ್ತದೆ.

ಪಿಯರ್ ಒಳಗಿನಿಂದ ಹೊರಕ್ಕೆ ಮಾಗುವ ಹಣ್ಣು. ಹೊಟ್ಟೆಯ ಭಾಗ ಮೆತ್ತಗಾಗುವ ಹೊತ್ತಿಗೆ ಒಳಗೆಲ್ಲ ಅತಿಯಾಗಿ ಮಾಗಿರುತ್ತದೆ. ತೊಟ್ಟಿನ ಬಳಿ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಕೊಂಚವೇ ಒಳಗೆ ಹೋದರೆ ಪೈಗೆ ಸರಿಯಾದ ಸಮಯ. ಬಾಸ್ಕ್ ತಳಿ ಸಿಕ್ಕರೆ ಬಿಡಬೇಡಿ, ಅದು ಶಾಖಕ್ಕೆ ಸುಲಭವಾಗಿ ಸೋಲುವುದಿಲ್ಲ.

ಮಸಾಲೆಯ ವಿಷಯದಲ್ಲಿ ಲವಂಗದ ಮೇಲೆ ಕಣ್ಣಿಡಿ. ಅದರಲ್ಲಿರುವ ಯುಜಿನಾಲ್ ನಾಲಿಗೆಯನ್ನು ಮರಗಟ್ಟಿಸುತ್ತದೆ, ಚಿಟಿಕೆ ಎಂದರೆ ಚಿಟಿಕೆಯೇ. ಜಾಯಿಕಾಯಿಯನ್ನು ಆಗಲೇ ತುರಿದುಕೊಳ್ಳಿ. ಚಕ್ಕೆ ಮಾತ್ರ ಧಾರಾಳವಾಗಿರಲಿ.

ಹೂರಣ: ರಸವನ್ನು ಮೊದಲೇ ಹೊರತೆಗೆಯಿರಿ

ಹಸಿ ಸೇಬನ್ನೇ ತುಂಬಿ ಬೇಯಿಸಿದರೆ ಎರಡು ಅನಾಹುತ. ಹೋಳುಗಳು ಕುಗ್ಗಿ, ಮೇಲಿನ ಪದರದ ಕೆಳಗೆ ಟೊಳ್ಳು ಗುಹೆಯೊಂದು ಉಳಿಯುತ್ತದೆ; ಬಿಟ್ಟ ರಸವೆಲ್ಲ ತಳದಲ್ಲಿ ಕೆರೆ ಕಟ್ಟುತ್ತದೆ. ಒಲೆಯ ಮೇಲೆ ಹದಿನೈದು ನಿಮಿಷ ಖರ್ಚು ಮಾಡಿದರೆ ಎರಡೂ ತಪ್ಪುತ್ತವೆ.

ಸೇಬಿನ ಸಿಪ್ಪೆ ತೆಗೆದು ಅರ್ಧ ಸೆಂಟಿಮೀಟರ್ ದಪ್ಪದ ಹೋಳು ಮಾಡಿ. ಪಿಯರ್ ಹೋಳು ತುಸು ದಪ್ಪಗಿರಲಿ. ಅಗಲ ಬಾಣಲೆಯಲ್ಲಿ ಸೇಬು, ಸಕ್ಕರೆ, ಉಪ್ಪು, ಮಸಾಲೆ ಎಲ್ಲ ಸೇರಿಸಿ, ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿಡಿ. ಆಗಾಗ ಕೈಯಾಡಿಸಿ. ಕುದಿ ಬರಬಾರದು. ಹೋಳು ಬಿಸಿಯಾಗಿ ಬಾಗುವಂತಾಗಬೇಕು, ಮುರಿದರೆ ನಡುವೆ ಇನ್ನೂ ಗಟ್ಟಿ ಉಳಿದಿರಬೇಕು. ಅಡುಗೆಯ ಥರ್ಮಾಮೀಟರ್ ಇದ್ದವರು 60ರಿಂದ 70 ಡಿಗ್ರಿಯ ನಡುವೆ ಹತ್ತು ನಿಮಿಷ ಹಿಡಿದಿಡಿ. ಈ ಶಾಖದಲ್ಲಿ ಸೇಬಿನೊಳಗಿನ ಕಿಣ್ವವೊಂದು ಚುರುಕಾಗಿ, ಹಣ್ಣಿನ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಅನ್ನು ಬಿಗಿಗೊಳಿಸುತ್ತದೆ. ಆಮೇಲೆ ಓವನ್‌ನಲ್ಲಿ ಎಷ್ಟು ಹೊತ್ತು ಬೆಂದರೂ ಹೋಳು ಅಷ್ಟು ಸುಲಭವಾಗಿ ಕುಸಿಯುವುದಿಲ್ಲ. ನೇರವಾಗಿ ಕುದಿಸಿದರೆ ಈ ಲಾಭ ಕೈತಪ್ಪುತ್ತದೆ. ಕೊನೆಯ ಮೂರು ನಿಮಿಷ ಇರುವಾಗ ಪಿಯರ್ ಮತ್ತು ಒಣದ್ರಾಕ್ಷಿ ಹಾಕಿ.

ಎಲ್ಲವನ್ನೂ ಜರಡಿಗೆ ಸುರಿದು ಕೆಳಗೊಂದು ಪಾತ್ರೆಯಿಟ್ಟು ಇಪ್ಪತ್ತು ನಿಮಿಷ ಬಿಡಿ. ಸೋರಿದ ರಸವನ್ನು ಮತ್ತೆ ಒಲೆಗೇರಿಸಿ ಅರ್ಧಕ್ಕೆ ಇಳಿಸಿ. ಕಂದು ಬಣ್ಣದ, ಚಮಚದ ಬೆನ್ನಿಗೆ ಅಂಟುವ ಪಾಕವಾಗುತ್ತದೆ. ಹಣ್ಣಿನ ಸಾರವೆಲ್ಲ ಇದರಲ್ಲೇ ಇರುವುದರಿಂದ ಚೆಲ್ಲುವ ಯೋಚನೆ ಬೇಡ. ಪೂರ್ತಿ ಆರಿದ ಮೇಲೆ ನಿಂಬೆರಸ, ಕಾರ್ನ್‌ಫ್ಲೋರ್ ಗಂಟಿಲ್ಲದಂತೆ ಕದಡಿ, ಹಣ್ಣಿಗೆ ಬೆರೆಸಿ. ಹೂರಣ ತಣ್ಣಗಾಗದೆ ಕಣಕದ ಹತ್ತಿರ ಸುಳಿಯಬಾರದು. ಬಿಸಿ ಹೂರಣ ಬಿದ್ದರೆ ಕೊಬ್ಬರಿ ಎಣ್ಣೆ ಅಲ್ಲೇ ಕರಗಿ, ಇಷ್ಟು ಹೊತ್ತು ಕಾಪಾಡಿದ ಪದರಗಳು ಮಣ್ಣುಪಾಲಾಗುತ್ತವೆ.

ಜೋಡಣೆ

ದೊಡ್ಡ ಬಿಲ್ಲೆಯನ್ನು ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಲಟ್ಟಣಿಗೆಗೆ ಸುತ್ತಿಕೊಂಡು ತಟ್ಟೆಯ ಮೇಲೆ ಬಿಡಿಸಿ. ಮೂಲೆಗಳಿಗೆ ಎಳೆದು ಕೂರಿಸಬೇಡಿ. ಎಳೆದದ್ದು ಶಾಖಕ್ಕೆ ಹಿಂದಕ್ಕೆ ಸರಿಯುತ್ತದೆ. ಅಂಚನ್ನು ಎತ್ತಿ ಹಿಟ್ಟು ತಾನಾಗಿ ಜಾರಿ ಕೂರಲು ಬಿಡಿ. ಹರಿದರೆ ಗಾಬರಿ ಬೇಡ, ಚೂರು ಹಿಟ್ಟಿನಿಂದ ತೇಪೆ ಹಾಕಿದರಾಯಿತು. ಹೂರಣ ತುಂಬಿ, ಇನ್ನೊಂದು ಬಿಲ್ಲೆಯನ್ನು ಲಟ್ಟಿಸಿ ಮುಚ್ಚಿ, ಅಂಚು ಒಳಮಡಿಸಿ ಒತ್ತಿ. ಮೇಲೆ ಐದಾರು ಸೀಳು ಕೊಡಿ. ಪಟ್ಟಿಗಳನ್ನು ಹೆಣೆದು ಜಾಲರಿ ಮಾಡುವ ಹುಮ್ಮಸ್ಸಿದ್ದರೆ ಮಾಡಿ, ಆವಿ ಇನ್ನೂ ಸರಾಗವಾಗಿ ಹೊರಹೋಗುತ್ತದೆ; ಆದರೆ ಕೊಬ್ಬರಿ ಎಣ್ಣೆಯ ಹಿಟ್ಟು ಹೆಣಿಗೆಗೆ ಅಷ್ಟಾಗಿ ಬಗ್ಗುವುದಿಲ್ಲ.

ಸೋಯಾ ಹಾಲು, ಮೇಪಲ್ ಸಿರಪ್ ಬೆರೆಸಿ ತೆಳುವಾಗಿ ಸವರಿ. ಹೊಂಬಣ್ಣಕ್ಕೆ ಪ್ರೋಟೀನ್ ಮತ್ತು ಸಕ್ಕರೆ ಎರಡೂ ಬೇಕು. ಮೊಟ್ಟೆ ಮಾಡುತ್ತಿದ್ದ ಕೆಲಸವನ್ನು ಸೋಯಾ ಹಾಲು ಮಾಡುವುದು ಅದರಲ್ಲಿ ಪ್ರೋಟೀನ್ ಇರುವುದರಿಂದ. ಪ್ರೋಟೀನ್ ಕಡಿಮೆಯಿರುವ ಅಕ್ಕಿ ಹಾಲಿನಿಂದ ಆ ಬಣ್ಣ ಬರುವುದಿಲ್ಲ. ನಂತರ ತಟ್ಟೆಯ ಸಮೇತ ಕಾಲು ಗಂಟೆ ಫ್ರೀಜರ್‌ನಲ್ಲಿಡಿ. ಈ ಮಾತು ಲೋಹದ ತಟ್ಟೆಗೆ ಮಾತ್ರ. ಗಾಜಿನದನ್ನು ಫ್ರೀಜರ್‌ನಿಂದ ನೇರ ಓವನ್‌ಗೆ ಹಾಕಿದರೆ ಸಿಡಿಯಬಹುದು.

ಓವನ್‌ನಲ್ಲಿ

ಓವನ್ನಿನ ಕೆಳಗಿನ ಅಂತಸ್ತಿನಲ್ಲಿ ಒಂದು ಬೇಕಿಂಗ್ ತಟ್ಟೆಯಿಟ್ಟು, ಅರ್ಧ ಗಂಟೆ ಮೊದಲೇ 220 ಡಿಗ್ರಿಗೆ ಕಾಯಿಸಿ. ಪೈಯನ್ನು ಆ ಕಾದ ತಟ್ಟೆಯ ಮೇಲೆಯೇ ಇಡಿ. ತಳಕ್ಕೆ ತಕ್ಷಣ ಶಾಖ ಮುಟ್ಟುತ್ತದೆ, ಉಕ್ಕಿದ ರಸವೂ ಅದರಲ್ಲೇ ಬೀಳುತ್ತದೆ. 20 ನಿಮಿಷದ ನಂತರ ಶಾಖವನ್ನು 190ಕ್ಕೆ ಇಳಿಸಿ ಮತ್ತೆ 35ರಿಂದ 45 ನಿಮಿಷ. ಫ್ಯಾನ್ ಇರುವ ಓವನ್ ಆದರೆ ಎರಡೂ ಹಂತದಲ್ಲಿ 20 ಡಿಗ್ರಿ ಕಡಿಮೆ ಮಾಡಿ. ಅಂಚು ಬೇಗ ಕಪ್ಪಾಗುತ್ತಿದ್ದರೆ ಅಲ್ಯೂಮಿನಿಯಂ ಹಾಳೆಯಿಂದ ಮರೆಮಾಡಿ.

ಗಡಿಯಾರಕ್ಕಿಂತ ಸೀಳುಗಳನ್ನು ನಂಬಿ. ಅಂಚಿನಲ್ಲಿ ರಸ ಕುದಿಯುವುದು ಬೇಗ ಕಾಣಿಸುತ್ತದೆ, ಅದು ಸಾಲದು. ನಡುವಿನ ಸೀಳಿನಲ್ಲಿ ಗುಳ್ಳೆಗಳು ಏಳಬೇಕು. ಅವೂ ಮೊದಲಿನಂತೆ ಪಟಪಟನೆ ಒಡೆಯದೆ, ದಪ್ಪಗೆ, ಸೋಮಾರಿಯಾಗಿ ಏಳಬೇಕು. ಕಾರ್ನ್‌ಫ್ಲೋರ್ ಸುಮಾರು 95 ಡಿಗ್ರಿ ತಲುಪಿ ಬಿಗಿದುಕೊಂಡ ಗುರುತು ಅದು. ಅದಕ್ಕೆ ಮುಂಚೆ ತೆಗೆದರೆ ರಸ ಮಬ್ಬಾಗಿ, ಹಸಿ ಹಿಟ್ಟಿನ ರುಚಿ ಬರುತ್ತದೆ. ಬಣ್ಣವೂ ತಿಳಿ ಹಳದಿಗೆ ನಿಲ್ಲಬಾರದು, ಗಾಢ ಕಂದು ಬರಲಿ. ಪೈ ವಿಷಯದಲ್ಲಿ ಬಹುತೇಕರು ಅಂಜಿ ಹತ್ತು ನಿಮಿಷ ಮೊದಲೇ ಹೊರತೆಗೆಯುತ್ತಾರೆ.

ಕತ್ತರಿಸುವ ಮುನ್ನ

ಮೂರರಿಂದ ನಾಲ್ಕು ಗಂಟೆ ಜಾಲರಿಯ ಮೇಲೆ ಆರಲು ಬಿಡಿ. ಮನೆ ತುಂಬ ಚಕ್ಕೆಯ ಘಮ ಇರುವಾಗ ಇದು ಕ್ರೂರ ಸಲಹೆ ಎಂದು ಗೊತ್ತು. ಆದರೆ ಪಿಷ್ಟ ಗಟ್ಟಿಯಾಗಿ ರಸವನ್ನು ಹಿಡಿದುಕೊಳ್ಳುವುದು ತಣಿಯುವಾಗಲೇ. ರಾತ್ರಿ ಊಟಕ್ಕೆ ಬೇಕಿದ್ದರೆ ಮಧ್ಯಾಹ್ನವೇ ಬೇಯಿಸಿ. ಜೊತೆಗೆ ತಣ್ಣಗಿನ ತೆಂಗಿನ ಹಾಲಿನ ಕೆನೆ ಇದ್ದರೆ ಸಾಕು, ಐಸ್‌ಕ್ರೀಮ್ ಹುಡುಕಿಕೊಂಡು ಹೋಗಬೇಕಿಲ್ಲ.

ಉಳಿದದ್ದು ಮುಚ್ಚಿಟ್ಟರೆ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಮತ್ತೆ ಬಿಸಿ ಮಾಡಲು 170 ಡಿಗ್ರಿಯ ಓವನ್‌ನಲ್ಲಿ ಕಾಲು ಗಂಟೆ ಇಡಿ. ಮೈಕ್ರೋವೇವ್ ಹೊರಪದರವನ್ನು ಮೆತ್ತಗಾಗಿಸುತ್ತದೆ. ಲೋಹದ ತಟ್ಟೆಯಲ್ಲಿ ಜೋಡಿಸಿದ ಹಸಿ ಪೈಯನ್ನು ಹಾಗೆಯೇ ಫ್ರೀಜರ್‌ನಲ್ಲಿ ಕೂಡಿಡಬಹುದು. ಬೇಯಿಸುವ ದಿನ ಅದನ್ನು ಕರಗಿಸಲು ಹೋಗದೆ, ಆಗಷ್ಟೇ ಸೋಯಾ ಹಾಲು ಸವರಿ ಕಾದ ಓವನ್‌ಗೆ ಹಾಕಿ, ಎರಡನೆಯ ಹಂತದ ಸಮಯವನ್ನು ಸುಮಾರು 20 ನಿಮಿಷ ಹೆಚ್ಚಿಸಿಕೊಳ್ಳಿ.