ದಾರ ಕಟ್ಟಿ ಮಿಯಾಟಾ ನೆಟ್ಟಗೆ ಮಾಡಿದ್ದು: ನನ್ನ ಅನುಭವ

ನಾನಿರುವುದು ಮಿಶಿಗನ್‌ನ ನೋವಿಯಲ್ಲಿ. ಊರಿನ ಹೆಸರಿಗೆ ತಕ್ಕ ಹಾಗೆ ಈ ವರ್ಷ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ನೋವೇ ನೋವು. ಕಾರಣ ನನ್ನ 2001ರ ಮಾಜ್ದಾ ಮಿಯಾಟಾ, ಎರಡು ಸೀಟಿನ ಸಣ್ಣ ಸ್ಪೋರ್ಟ್ಸ್ ಕಾರು. ಚಳಿಗಾಲದಲ್ಲಿ ಅದನ್ನು ಹೊರಗೆ ತೆಗೆಯುವುದಿಲ್ಲ. ಆದರೆ ಮಾರ್ಚ್‌ನಲ್ಲಿ ಒಂದು ಭಾನುವಾರ ಬಿಸಿಲು ಬಂತು ನೋಡಿ, ಆಸೆ ತಡೆಯಲಿಲ್ಲ. ಹಿಮ ಕರಗುವಾಗ ಇಲ್ಲಿನ ರಸ್ತೆಗಳು ಹೇಗೆ ಬಾಯಿ ಬಿಡುತ್ತವೆ ಅಂತ ಇಲ್ಲಿರುವವರಿಗೆ ಗೊತ್ತು. ಎಡಗಡೆಯ ಎರಡೂ ಚಕ್ರ ಒಂದರ ಹಿಂದೆ ಒಂದು ಅದೇ ಗುಂಡಿಗೆ ಬಿದ್ದವು. ಈ "ಎರಡೂ" ಅನ್ನುವ ಮಾತು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ, ಅದಕ್ಕೇ ಚಕ್ರಗಳ ದಿಕ್ಕು ಸರಿ ಮಾಡಲು ಏಳು ತಿಂಗಳು ಹಿಡಿಯಿತು.

ಮುಂದಿನ ಎಡ ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು, ಅಂದರೆ ಲೋವರ್ ಆರ್ಮ್, ಬಾಗಿತ್ತು. ಒಂದು ಗ್ಯಾರೇಜ್‌ನಲ್ಲಿ ಸೆಕೆಂಡ್ ಹ್ಯಾಂಡ್ ಆರ್ಮ್, ಹೊಸ ಬಾಲ್ ಜಾಯಿಂಟ್ (ಆರ್ಮ್ ತುದಿಯ ಕೀಲು), ಟೈ ರಾಡ್ ಎಂಡ್ (ಸ್ಟೀರಿಂಗ್‌ಗೆ ತಕ್ಕಂತೆ ಚಕ್ರ ತಿರುಗಿಸುವ ಸರಳಿನ ತುದಿ) ಹಾಕಿಸಿದೆ. ಕೂಲಿ ಸೇರಿ 600 ಡಾಲರ್ ಹತ್ತಿರ ಆಯಿತು. ಕಾರು ವಾಪಸ್ ಬಂದಾಗ ಎಡಕ್ಕೆ ಎಳೆಯುತ್ತಿತ್ತು. ನೇರ ಹೋಗಬೇಕಾದರೆ ಸ್ಟೀರಿಂಗ್ ಅನ್ನು ಒಂದು ಬೆರಳಗಲ ಬಲಕ್ಕೆ ಹಿಡಿದಿರಬೇಕು. ಇಲ್ಲಿ ಓಡಿಸುವುದು ರಸ್ತೆಯ ಬಲಗಡೆ. ನೀರು ಹರಿಯಲಿ ಅಂತ ರಸ್ತೆ ಬಲಕ್ಕೆ ಇಳಿಜಾರು ಇರುತ್ತೆ. ಹಾಗಾಗಿ ಕೈಬಿಟ್ಟರೆ ಕಾರು ಸ್ವಲ್ಪ ಬಲಕ್ಕೆ ಸರಿದರೆ ಅದು ಸಹಜ. ಆ ಇಳಿಜಾರನ್ನೂ ಮೀರಿ ಎಡಕ್ಕೆ ಹೋಗುತ್ತಿದೆ ಅಂದರೆ ಸಣ್ಣ ತೊಂದರೆ ಅಲ್ಲ.

ಮೊದಲ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡುವ) ಅಂಗಡಿ 95 ಡಾಲರ್ ತೆಗೆದುಕೊಂಡು ಮುಂದಿನ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು, ಅಷ್ಟನ್ನು ಮಾತ್ರ ಸರಿ ಮಾಡಿ ಕಳಿಸಿತು. ಏನೂ ಬದಲಾಗಲಿಲ್ಲ. ಎರಡನೆಯದು 140 ಡಾಲರ್, ನಾಲ್ಕೂ ಚಕ್ರ. ಸ್ಟೀರಿಂಗ್ ನೆಟ್ಟಗಾಯಿತು, ಖುಷಿಯಾದೆ. ಎರಡು ವಾರ ಅಷ್ಟೇ, ಸ್ಟೀರಿಂಗ್ ಮತ್ತೆ ಬಲಕ್ಕೆ ವಾಲಿತು. ಅವರು ಕೊಟ್ಟ ಹಾಳೆಯಲ್ಲಿ ಎಲ್ಲಾ ಹಸಿರು, ಹಿಂದಿನ ಎಡ ಟೋ ಒಂದೇ ಕೆಂಪು. ಪಕ್ಕದಲ್ಲಿ ಪೆನ್ನಿನಲ್ಲಿ "ಬೋಲ್ಟ್ ತಿರುಗುತ್ತಿಲ್ಲ" ಅಂತ ಗೀಚಿದ್ದರು. ನಾನು ಹಸಿರು ನೋಡಿ ಮಡಚಿ ಗ್ಲೋವ್ ಬಾಕ್ಸ್‌ಗೆ ಹಾಕಿದ್ದೆ! ಮೂರನೆಯವರು ಕಾರಿನ ಕೆಳಗೆ ಟಾರ್ಚ್ ಬಿಟ್ಟು, "ತುಕ್ಕು ಜಾಸ್ತಿ, ಬೋಲ್ಟ್ ಬುಷ್ ಎಲ್ಲಾ ಬದಲಾಯಿಸಬೇಕು, 900 ಆಗುತ್ತೆ" ಅಂದರು. ಬುಷ್ ಅಂದರೆ ಆರ್ಮ್ ಬೋಲ್ಟಿಗೆ ಸೇರುವಲ್ಲಿ ಇರುವ ರಬ್ಬರಿನ ಕೊಳವೆ. ಕಾರಿನ ಬೆಲೆಯೇ ಅದರ ಐದು ಪಟ್ಟು ಇದ್ದರೆ ಹೆಚ್ಚು. ಬೇಡ ಅಂತ ಬಂದೆ.

ಆಗ ನೆನಪಾಗಿದ್ದು ದಾರ. ರೇಸ್ ಕಾರಿನವರು ದಾರ ಕಟ್ಟಿಯೇ ಟೋ ನೋಡುತ್ತಾರೆ, ಹೊಸದೇನಲ್ಲ. ಆದರೆ ಅದಕ್ಕಿಂತ ಮೊದಲು ನನ್ನ ಕಣ್ಣಿಗೆ ಬಂದಿದ್ದು ಊರಲ್ಲಿ ನಮ್ಮ ಮನೆ ಕಟ್ಟುವಾಗ ಗಾರೆಯವರು ಮೂಲೆಯಿಂದ ಮೂಲೆಗೆ ಎಳೆದ ದಾರ. ಮಂಡ್ಯದ ಸ್ನೇಹಿತ ಒಬ್ಬನಿದ್ದಾನೆ, ಅವನದೂ ಆಟೋ ಕಂಪನಿಯಲ್ಲೇ ಕೆಲಸ. ಹೇಳಿದ ತಕ್ಷಣ ನಕ್ಕ. "ಮಗಾ, ಲೇಸರ್ ಇಟ್ಟು ಆಗದೇ ಇದ್ದಿದ್ದು ನಿನ್ನ ದಾರದಲ್ಲಿ ಆಗುತ್ತಾ? ಕಾರು ಸರಿ ಮಾಡ್ತಿದೀಯೋ ಕಾಂಪೌಂಡ್ ಕಟ್ತಿದೀಯೋ?"

ಕಟ್ಟುವ ವಿಧಾನ ಹೀಗೆ. ಕಾರಿನ ಮುಂದೊಂದು ಹಿಂದೊಂದು ಅಡ್ಡ ಪೈಪ್, ಎರಡರಲ್ಲೂ ಒಂದೇ ಅಳತೆಗೆ ಕಚ್ಚು, ಎರಡು ಪಕ್ಕಕ್ಕೂ ಮೀನಿನ ಗಾಳದ ನೈಲಾನ್ ದಾರ. ಹತ್ತಿ ದಾರ ಬೇಡ, ಜೋಲುತ್ತೆ. ಆಮೇಲೆ ರಿಮ್‌ನ ಮುಂದಿನ ಅಂಚು, ಹಿಂದಿನ ಅಂಚು ಎರಡರಿಂದಲೂ ದಾರಕ್ಕೆ ಎಷ್ಟು ಅಂತ ಉಕ್ಕಿನ ಸ್ಕೇಲ್ ಇಟ್ಟು ನೋಡುವುದು. 15 ಇಂಚಿನ ರಿಮ್ ಅಂಚಿನಿಂದ ಅಂಚಿಗೆ ಸುಮಾರು 400 ಮಿ.ಮೀ. ಹಾಗಾಗಿ 1 ಮಿ.ಮೀ. ವ್ಯತ್ಯಾಸ ಅಂದರೆ ಹೆಚ್ಚುಕಡಿಮೆ 0.14 ಡಿಗ್ರಿ.

ಮೊದಲ ಸಲ ಪೂರ್ತಿ ಎಡವಟ್ಟು ಮಾಡಿದೆ. ನಾಲ್ಕೂ ಚಕ್ರದ ನಡುಭಾಗದ ಹಬ್‌ನಿಂದ ದಾರಕ್ಕೆ ಒಂದೇ ಅಂತರ ಇಟ್ಟೆ. ನೋಡಲು ಚೆನ್ನಾಗಿತ್ತು, ನಾಲ್ಕು ಕಡೆಯೂ ಒಂದೇ ಅಂಕೆ. ಆದರೆ ಈ ಕಾರಿನ ಮುಂದಿನ ಟ್ರ್ಯಾಕ್, ಅಂದರೆ ಎಡ ಬಲ ಚಕ್ರಗಳ ನಡುವಿನ ಅಂತರ, 1415 ಮಿ.ಮೀ., ಹಿಂದಿನದು 1440. ಅಂದರೆ ಹಿಂದೆ ಒಂದೊಂದು ಪಕ್ಕಕ್ಕೂ 12 ಮಿ.ಮೀ. ಚಿಲ್ಲರೆ ಹೊರಗಿದೆ. ದಾರಗಳು ಒಂದಕ್ಕೊಂದು ಸಮ ಇರಬೇಕಾದರೆ ಹಿಂದಿನ ಹಬ್ ದಾರಕ್ಕೆ ಅಷ್ಟು ಹತ್ತಿರ ಬರಬೇಕು. ನನ್ನ ದಾರ ಹಿಂದಕ್ಕೆ ಹೋಗುತ್ತಾ ಅಗಲವಾಗಿತ್ತು. ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) 2265ಕ್ಕೆ 12.5 ಅಂದರೆ ಪಕ್ಕಕ್ಕೆ 0.3 ಡಿಗ್ರಿ ಸುಳ್ಳು. ನೆಟ್ಟಗಿದ್ದ ಚಕ್ರ ಹೊರಗೆ ನೋಡುತ್ತಿದೆ ಅಂದುಕೊಂಡು ಟೈ ರಾಡ್ ತಿರುಗಿಸಿ ಎರಡನ್ನೂ 2 ಮಿ.ಮೀ. ಮೇಲೆ ಒಳಕ್ಕೆ ತಂದೆ. ಜೂನ್ ಇಡೀ ಹಾಗೇ ಓಡಿಸಿದೆ. ಪಾರ್ಕಿಂಗ್‌ನಲ್ಲಿ ತಿರುಗಿಸಿದರೆ ಟೈರ್ ಕುಯ್ ಅನ್ನುತ್ತಿತ್ತು. ಕೈ ಸವರಿದರೆ ಮುಂದಿನ ಟೈರ್‌ಗಳ ಹೊರ ಅಂಚು ಗರಗಸದ ಹಾಗೆ. ಮಂಡ್ಯದವನು ಅದನ್ನೂ ಸವರಿ ನೋಡಿ ಏನೂ ಹೇಳದೆ ಕಾಫಿ ಕುಡಿದು ಹೋದ. ಬೈದಿದ್ದರೆ ವಾಸಿ ಇತ್ತು.

ಎರಡನೇ ಸಲ ನೆಲದಿಂದ ಶುರು ಮಾಡಿದೆ. ಇಲ್ಲಿನ ಗ್ಯಾರೇಜ್ ನೆಲ ಬಾಗಿಲ ಕಡೆಗೆ ಇಳಿಜಾರು ಇರುತ್ತೆ. ರಸಮಟ್ಟ ಇಟ್ಟರೆ ಆ ಕಾಂಕ್ರೀಟಿನ ತಗ್ಗು ದಿಬ್ಬಕ್ಕೆ ಒಂದೊಂದು ಕಡೆ ಒಂದೊಂದು ತೋರಿಸುತ್ತೆ. ಊರಿಗೆ ಫೋನ್ ಮಾಡಿದಾಗ ಸುಮ್ನೆ ಮಾವನ ಹತ್ತಿರ ಹೇಳಿದೆ. ಅವರು ಮೂವತ್ತು ವರ್ಷ ಮನೆ ಕಟ್ಟಿಸಿದವರು. "ಅಲ್ಲಪ್ಪಾ, ಲೆವೆಲ್ ಪೈಪಿಗೆ ನೀರು ತುಂಬಿ ನೋಡೋದು ಬಿಟ್ಟು ಅದೇನು ಒದ್ದಾಡ್ತೀಯ?" ಅಂದರು. 6 ಡಾಲರ್ ಕೊಟ್ಟು ಪಾರದರ್ಶಕ ಪೈಪ್ ತಂದೆ. ನೀರಿಗೆ ಸ್ವಲ್ಪ ಕುಂಕುಮ ಹಾಕಿದೆ, ಗೆರೆ ಚೆನ್ನಾಗಿ ಕಾಣಲಿ ಅಂತ. ಹಿಂದಿನ ಚಕ್ರಗಳ ಜಾಗ ಸುಮಾರು 20 ಮಿ.ಮೀ. ತಗ್ಗು, ಎಡ ಬಲಕ್ಕೆ 6 ಮಿ.ಮೀ. ವ್ಯತ್ಯಾಸ. ಆ 6 ಮಿ.ಮೀ.ಯೇ ಕ್ಯಾಂಬರ್‌ನಲ್ಲಿ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು) ಕಾಲು ಡಿಗ್ರಿ ತಿನ್ನುತ್ತಿತ್ತು! ಪ್ಲೈವುಡ್ ತುಂಡು, ಮೇಲೆ ವಿನೈಲ್ ಟೈಲ್ಸ್ ಜೋಡಿಸಿ ಸಮ ಮಾಡಿದೆ. ಚಕ್ರ ಜಾರಲಿ ಅಂತ ಮೇಲಿನ ಎರಡು ಟೈಲ್ಸ್ ನಡುವೆ ಗ್ರೀಸ್. ಗ್ರೀಸ್ ಬದಲು ಉಪ್ಪು ಹಾಕಿಯೂ ನೋಡಿದೆ, ಹರಳುಪ್ಪು ಚೆನ್ನಾಗಿ ಜಾರುತ್ತೆ, ಆದರೆ ಎರಡು ಸಲಕ್ಕೆ ಪುಡಿಯಾಗಿ ಹಿಡಿದುಕೊಳ್ಳುತ್ತೆ. ಕಸದ ಚೀಲ ಎರಡು ಪದರ ಹಾಕಿದವರಿದ್ದಾರೆ. ನನಗೆ ಗ್ರೀಸೇ ಸರಿ ಅನ್ನಿಸಿತು, ಹೆಂಡತಿಗೆ ಅನ್ನಿಸಲಿಲ್ಲ.

ಡ್ರೈವರ್ ತೂಕಕ್ಕೆ ಸೀಟಿನಲ್ಲಿ ಸೋನಾ ಮಸೂರಿ. 20 ಪೌಂಡ್ ಚೀಲ ನಮ್ಮ ಮನೆಯದು ಮೂರು, ಸ್ನೇಹಿತರದು ಎರಡು, ಕಾಲಿಡುವ ಜಾಗಕ್ಕೆ ನೀರಿನ ಕ್ಯಾನ್. ಒಟ್ಟು 75 ಕೆ.ಜಿ. ಸುಮಾರು. "ರೀ, ಅನ್ನಕ್ಕೆ ಇಡಬೇಕು, ಅಕ್ಕಿ ಯಾವಾಗ ಇಳಿಸ್ತೀರಾ?" ಅಂತ ಅಡುಗೆಮನೆಯಿಂದ ಎರಡು ಸಲ ಕರೆ ಬಂತು. ಟೈರ್ ಗಾಳಿ 26 ಪಿಎಸ್‌ಐ ನಾಲ್ಕಕ್ಕೂ.

ಟೋ ನೋಡುವ ಮೊದಲು ಹಬ್‌ನ ನಡುವಿನಿಂದ ಫೆಂಡರ್ ಅಂಚಿಗೆ ಎತ್ತರ ಅಳೆದೆ. ಬಲ ಮುಂದೆ 335, ಎಡ ಮುಂದೆ 343. ಸ್ಪ್ರಿಂಗ್ ಬದಲಾಯಿಸಿಲ್ಲ, ಸೀಟಿನ ತೂಕವೂ ಎಡಗಡೆಯೇ ಇದೆ, ಆದರೂ ಅದೇ ಮೂಲೆ 8 ಮಿ.ಮೀ. ಮೇಲೆ ನಿಂತಿದೆ. ಐದು ನಿಮಿಷ ಅಲ್ಲೇ ಕೂತು ಯೋಚಿಸಿದೆ. ಗ್ಯಾರೇಜ್‌ನವರು ಆ ಸೆಕೆಂಡ್ ಹ್ಯಾಂಡ್ ಆರ್ಮ್ ಹಾಕಿದ್ದು ಕಾರನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರ ಜೋತಾಡುವಾಗ. ಬೋಲ್ಟ್ ಬಿಗಿ ಮಾಡಿದ್ದೂ ಅಲ್ಲೇ. ರಬ್ಬರ್ ಬುಷ್ ಆ ಜೋತ ಸ್ಥಿತಿಯಲ್ಲೇ ಕಚ್ಚಿಕೊಂಡಿದೆ. ಕೆಳಗೆ ಇಳಿಸಿದ ಮೇಲೆ ರಬ್ಬರ್ ತಿರುಚಿಕೊಂಡು ಕಾರನ್ನು ಮೇಲಕ್ಕೆ ತಳ್ಳುತ್ತಿದೆ. ಓಡಿಸುತ್ತಾ ರಬ್ಬರ್ ಸೋತ ಹಾಗೆ ಮೂಲೆ ಇಳಿಯುತ್ತೆ, ಟೋ ಬದಲಾಗುತ್ತೆ. ಎರಡನೇ ಅಂಗಡಿಯ ಅಲೈನ್‌ಮೆಂಟ್ ಎರಡೇ ವಾರ ಬಾಳಿದ್ದು ಯಾಕೆ ಅಂತ ಆಗ ಹೊಳೆಯಿತು. ಆರ್ಮ್ ಜಾಗ ಸರಿಸಲು ಬೋಲ್ಟಿಗೆ ಇರುವ ತಟ್ಟೆ, ಅಂದರೆ ಕ್ಯಾಮ್, ಇದ್ದ ಜಾಗಕ್ಕೆ ಬಿಳಿ ಗುರುತು ಹಾಕಿ, ಚಕ್ರದ ಮೇಲೆ ಪೂರ್ತಿ ಭಾರ ಇದ್ದಂತೆಯೇ ಕೆಳಗೆ ತೂರಿ ಎರಡು ನಟ್ ಸಡಿಲ ಮಾಡಿದೆ. ಎರಡನೆಯದು ಅರ್ಧ ಸುತ್ತು ಬಿಟ್ಟಾಗ "ಕಟಕ್" ಅಂತ ಸದ್ದು. ಮೂಲೆ ನನ್ನ ಕಣ್ಣೆದುರೇ ಕುಸಿದು ಕೂತಿತು, ದನ ಮಲಗುವಾಗ ಉಸಿರು ಬಿಟ್ಟ ಹಾಗೆ. ಮತ್ತೆ ಅಳೆದರೆ 336. ಅಲ್ಲೇ ಬಿಗಿ ಮಾಡಿದೆ.

ಆಮೇಲೆ ದಾರ, ಈ ಸಲ ಟ್ರ್ಯಾಕ್ ಲೆಕ್ಕ ಹಿಡಿದು. ಹಿಂದಿನ ಬಲ 1 ಮಿ.ಮೀ. ಒಳಕ್ಕೆ. ಹಿಂದಿನ ಎಡ 5. ಮೂರು ಸಲ ಅಳೆದೆ, 5 ಅಂದರೆ 5. ಹಿಂದಿನ ಎರಡೂ ಚಕ್ರ ಸೇರಿ ಕಾರನ್ನು ಬಲಕ್ಕೆ ತಳ್ಳುತ್ತಿವೆ, ಬಾಲ ಬಲಕ್ಕೆ ಹೋದರೆ ಮೂತಿ ಎಡಕ್ಕೆ. ನಾನು ಸ್ಟೀರಿಂಗ್ ಬಲಕ್ಕೆ ಹಿಡಿಯಲೇಬೇಕು. ಥ್ರಸ್ಟ್ (ಹಿಂದಿನ ಚಕ್ರಗಳು ತಳ್ಳುವ ದಿಕ್ಕಿನ ಓರೆ) 0.3 ಡಿಗ್ರಿ ಹತ್ತಿರ, ಸ್ಟೀರಿಂಗ್ ಅನುಪಾತ 15ರಿಂದ ಗುಣಿಸಿದರೆ ನಾಲ್ಕೂವರೆ ಡಿಗ್ರಿ, ಅದೇ ನನ್ನ ಒಂದು ಬೆರಳಗಲ. ಟಾರ್ಚ್ ಹಿಡಿದು ಹಿಂದಿನ ಎಡ ಕ್ಯಾಮ್ ತಟ್ಟೆ ನೋಡಿದರೆ, ಸುತ್ತ ಕೆಂಪು ತುಕ್ಕು, ತಟ್ಟೆಯ ಪಕ್ಕ ಉಗುರಿನ ಚಂದ್ರನಷ್ಟು ಜಾಗ ಮಾತ್ರ ಫಳಫಳ. ಗುಂಡಿಗೆ ಬಿದ್ದ ದಿನ ಕ್ಯಾಮ್ ಜಾರಿದ ಗುರುತು. ಏಳು ತಿಂಗಳು ಎಲ್ಲರೂ ಮುಂದಿನ ಚಕ್ರ ನೋಡಿದ್ದೇ ನೋಡಿದ್ದು, ನಾನೂ ಸೇರಿ.

ಬೋಲ್ಟ್ ಬುಷ್ಷಿನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಮೋಸ ಏನು ಗೊತ್ತಾ? ಉದ್ದದ ಪೈಪ್ ಸಿಕ್ಕಿಸಿ ತಿರುಗಿಸಿದರೆ ಅದು ತಿರುಗುತ್ತೆ, ಟೋ ಸರಿ ಆಗುತ್ತೆ, ನಾವು ಗೆದ್ದೆವು ಅಂದುಕೊಳ್ಳುತ್ತೇವೆ. ತಿರುಗಿದ್ದು ರಬ್ಬರ್. ಒಂದು ಸುತ್ತು ಓಡಿಸಿ ಬಂದರೆ ಅರ್ಧ ವಾಪಸ್. ಅಸಿಟೋನ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಅರ್ಧ ಅರ್ಧ ಕಲಸಿ ಮೂರು ರಾತ್ರಿ ಬಿಟ್ಟೆ, ಆಗಲಿಲ್ಲ. ಬೆಂಕಿ ಕೊಟ್ಟೆ, ಬುಷ್ ಹೊತ್ತಿಕೊಂಡಿತು. ಆ ವಾಸನೆಗೆ ಪಕ್ಕದ ಮನೆಯ ಅಜ್ಜ ಬಾಗಿಲು ತೆಗೆದು ನೋಡಿದರು. ಕೊನೆಗೆ ರೆಸಿಪ್ರೊಕೇಟಿಂಗ್ ಗರಗಸ, ಬುಷ್ಷಿಗೂ ಬ್ರಾಕೆಟ್ಟಿಗೂ ನಡುವಿನ ಸಂದಿಯಲ್ಲಿ. ಮೂರು ಬೋಲ್ಟ್ ಕತ್ತರಿಸಿದೆ, ಆರು ಬ್ಲೇಡ್ ಹೋದವು. ನಾಲ್ಕನೆಯದನ್ನು ಕತ್ತರಿಸದೆ ಇಡಿಯಾಗಿ ಹೊರಗೆ ತೆಗೆದೆ. ಹೇಗೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಹೊಸ ಬೋಲ್ಟ್‌ಗಳಿಗೆ ಮತ್ತೆ ಅಂಟಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಧಾರಾಳವಾಗಿ ಬಳಿದೆ.

ಹಿಂದೆ ಮುಗಿಸಿಯೇ ಮುಂದೆ ಬಂದೆ. ರ್‍ಯಾಕ್ (ಸ್ಟೀರಿಂಗ್‌ನ ಹಲ್ಲಿನ ಸರಳು) ನಡುವಿಗೆ ತಂದು ನೋಡಿದರೆ ಟೈ ರಾಡ್ ಥ್ರೆಡ್‌ನ ಸುತ್ತುಗಳು ಎಡಕ್ಕೆ 19, ಬಲಕ್ಕೆ 27 ಕಾಣುತ್ತಿದ್ದವು. ಅಂಗಡಿಯವರು ಹಿಂದಿನ ತಪ್ಪನ್ನು ಮುಂದೆ ಮುಚ್ಚಿದ್ದಕ್ಕೂ ನಾನು ಜೂನ್‌ನಲ್ಲಿ ಮಾಡಿದ ಪ್ರತಾಪಕ್ಕೂ ಅದೇ ಸಾಕ್ಷಿ. ಎರಡನ್ನೂ 23ರ ಹತ್ತಿರ ತಂದು ಅಲ್ಲಿಂದ ಶುರು ಮಾಡಿದೆ. ಕ್ಯಾಂಬರ್‌ಗೆ 30 ಡಾಲರಿನ ಡಿಜಿಟಲ್ ಗೇಜ್. ಮೊದಲು ಫೋನಿನ ಆ್ಯಪ್ ಪ್ರಯತ್ನಿಸಿದ್ದೆ, ಅದೇ ಜಾಗದಲ್ಲಿ ಎರಡು ಸಲ ಇಟ್ಟರೆ 0.3 ಡಿಗ್ರಿ ಬೇರೆ ಹೇಳುತ್ತಿತ್ತು. ಕ್ಯಾಸ್ಟರ್‌ಗೆ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ಓರೆ) 20 ಡಿಗ್ರಿ ಎಡ, 20 ಡಿಗ್ರಿ ಬಲ ತಿರುಗಿಸಿ ಕ್ಯಾಂಬರ್ ವ್ಯತ್ಯಾಸಕ್ಕೆ ಒಂದೂವರೆ ಪಟ್ಟು, 5 ಡಿಗ್ರಿ ಆಸುಪಾಸು ಬಂತು, ಸಾಕು. ಮುಂದಿನ ಟೋ ಸೊನ್ನೆ. ಹಿಂದೆ ಸ್ವಲ್ಪ ಒಳಕ್ಕೆ. ಎಷ್ಟು ಅಂತ ನಿಮ್ಮ ಟೈರ್ ನೋಡಿ ನೀವೇ ಕಂಡುಕೊಳ್ಳಿ.

ಓಡಿಸಿದೆ. 96ರ ಹೆದ್ದಾರಿಯಲ್ಲಿ 70 ಮೈಲಿ ವೇಗದಲ್ಲಿ ಬೆರಳು ಸಡಿಲ ಬಿಟ್ಟರೆ ಸ್ವಲ್ಪವೇ ಬಲಕ್ಕೆ, ರಸ್ತೆಯ ಇಳಿಜಾರಿನಷ್ಟು. ಅನುಮಾನಕ್ಕೆ ಮುಂದಿನ ಟೈರ್ ಅದಲುಬದಲು ಮಾಡಿದೆ, ಎಳೆತ ಬದಲಾಗಲಿಲ್ಲ, ಅಂದರೆ ಟೈರಿನ ದೋಷ ಅಲ್ಲ. ಓಡಿಸಿ ಬಂದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಡಿಸ್ಕ್‌ಗಳ ಬಿಸಿಯೂ ನೋಡಿದೆ, ಎರಡೂ ಕಡೆ ಸಮ, ಬ್ರೇಕ್ ಹಿಡಿಯುತ್ತಿಲ್ಲ. ಮಂಡ್ಯದವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಅವನಿಗೆ ಆಗಲೂ ನಂಬಿಕೆ ಇಲ್ಲ, "ಮೆಷಿನ್‌ಗೆ ಹಾಕ್ಸು ನೋಡೋಣ" ಅಂದ. 60 ಡಾಲರ್ ಕೊಟ್ಟು ಬರೀ ಅಳತೆ ಮಾಡಿಸಿದೆ. ಏನನ್ನೂ ಮುಟ್ಟಬೇಡಿ ಅಂತ ಮೊದಲೇ ಹೇಳಿದ್ದೆ. ಮುಂದಿನ ಒಟ್ಟು ಟೋ 0.03, ಥ್ರಸ್ಟ್ 0.02. ಮೆಷಿನ್ ಹುಡುಗ "ಯಾವ ಅಂಗಡಿಯಲ್ಲಿ ಮಾಡಿಸಿದಿರಿ?" ಅಂತ ಕೇಳಿದ. ಆ ಹಾಳೆ ಈಗ ಫ್ರಿಜ್ ಮೇಲಿದೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ನಾಲ್ಕು ಸೆಟ್ ಬೋಲ್ಟ್ 140, ಟೈಲ್ಸ್ 30, ಗೇಜ್ 30, ಬ್ಲೇಡ್ 25, ಪೈಪು ದಾರ ಎಲ್ಲಾ ಸೇರಿ 20ರ ಸುಮಾರು. 250 ಒಳಗೇ. ಆದರೆ ಹಿಂದಿನ ಎಡ ಟೈರ್ ಅಷ್ಟರಲ್ಲಿ ಸವೆದು ಹೋಗಿತ್ತು, ಒಂದು ಜೊತೆ ಹೊಸದಕ್ಕೆ 230. ಮೊದಲಿನ ಎರಡು ಅಂಗಡಿಯ ಹಣ ನೀರಿಗೆ ಹಾಕಿದ ಹಾಗೆ. ಕೂಲಿ ಲೆಕ್ಕ ಹಾಕಿಲ್ಲ, ಹಾಕಿದರೆ 900 ಅಗ್ಗ ಅನ್ನಿಸಬಹುದು.

ಮುಂದಿನ ಬಲ ಆರ್ಮ್‌ನ ಒಂದು ಬೋಲ್ಟ್ ಇನ್ನೂ ಹಿಡಿದೇ ಇದೆ. ಅದಕ್ಕೇ ಆ ಕಡೆ ಕ್ಯಾಂಬರ್ ಮೈನಸ್ 0.9ರಲ್ಲಿ ನಿಂತಿದೆ, ಎಡ ಮೈನಸ್ 1.2. ಓಡಿಸುವಾಗ ಗೊತ್ತಾಗುವುದಿಲ್ಲ. ರಸ್ತೆಗೆ ಉಪ್ಪು ಸುರಿಯಲು ಶುರು ಮಾಡಿದ್ದಾರೆ, ಕಾರು ಮುಚ್ಚಿಟ್ಟಿದ್ದೇನೆ. ಅದನ್ನು ಏಪ್ರಿಲ್‌ನಲ್ಲಿ ನೋಡಿದರಾಯಿತು.