ಸಿಟ್ಟಿನ ಲೆಕ್ಕ ಬರೆದು ವಿಗ್ರಹ ಹುಡುಕಿದ್ದು: ನನ್ನ ಅನುಭವ

ಈ ವರ್ಷದ ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ) ಮುಗಿದಾಗ ನಮ್ಮ ಚರ್ಚಿನ ಬುಧವಾರದ ಬೈಬಲ್ ಕೂಟದ 14 ಜನರಲ್ಲಿ 11 ಮಂದಿ ತಮ್ಮ ವಿಗ್ರಹ ಯಾವುದು, ಅಂದರೆ ಮನಸ್ಸಿನಲ್ಲಿ ದೇವರ ಜಾಗದಲ್ಲಿ ಕೂರಿಸಿಕೊಂಡದ್ದು ಯಾವುದು ಅಂತ ಹೆಸರಿಟ್ಟು ಹೇಳಿದರು. ಮೂರು ವರ್ಷದ ಹಿಂದೆ "ನಮ್ಮ ಮನೆಯಲ್ಲಿ ವಿಗ್ರಹ ಎಲ್ಲಿದೆ ಬ್ರದರ್?" ಎಂದು ಕೇಳಿದವರೇ ಇವರು. ಸಭಾಪಾಲಕರು ಕೂಡ "ಬೇಡ, ಕೂಟ ಒಡೆಯುತ್ತೆ" ಎಂದಿದ್ದರು. ಒಡೆಯಲಿಲ್ಲ.

ಕೂಟ ನಡೆಸುವ ನಿಮಗೆ ಹತ್ತು ಆಜ್ಞೆ, ಲೋಭವೇ ವಿಗ್ರಹಾರಾಧನೆ ಎನ್ನುವ ಕೊಲೊಸ್ಸೆ 3:5 ಎಲ್ಲ ಗೊತ್ತೇ ಇದೆ. ಅದನ್ನು ಬಿಟ್ಟು ನಾನು ಸೋತದ್ದನ್ನು ಮೊದಲು ಹೇಳುತ್ತೇನೆ.

ಮೊದಲ ವರ್ಷ ಪಟ್ಟಿ ಕೊಟ್ಟೆ. ಚಿನ್ನ, ಟಿವಿ, ಮೊಬೈಲ್, ಕ್ರಿಕೆಟ್. ಅಣ್ಣಂದಿರು ಅಕ್ಕಂದಿರ ಬಳೆ ತೋರಿಸಿದರು, ಅಕ್ಕಂದಿರು ಅಣ್ಣಂದಿರ ಮೊಬೈಲ್ ತೋರಿಸಿದರು. ತಮ್ಮದನ್ನು ಯಾರೂ ಗುರುತು ಹಾಕಲಿಲ್ಲ. ಮರುವರ್ಷ ಊರ ಹೊರಗೆ ಎರಡು ದಿನದ ಧ್ಯಾನಕೂಟ ಇಟ್ಟೆ. ಹಾಲ್ ಬಾಡಿಗೆ, ಬಸ್ಸು, ಊಟ ಸೇರಿ ಸುಮಾರು 22 ಸಾವಿರ. ಅರ್ಧ ನನ್ನ ಜೇಬಿನಿಂದಲೇ ಹೋಯಿತು. ಎಲ್ಲರೂ ಅತ್ತರು. ಸೋಮವಾರ ಬಂತು, ಎಲ್ಲ ಮೊದಲಿನ ಹಾಗೇ.

ದಾರಿ ಸಿಕ್ಕಿದ್ದು ನನ್ನ ಮನೆಯ ಜಗಳದಲ್ಲಿ. ಒಂಬತ್ತು ವರ್ಷ ಕೂಡಿಟ್ಟು ಒಂದು ಸೈಟಿಗೆ ಎರಡು ಲಕ್ಷ ಮುಂಗಡ ಕೊಟ್ಟಿದ್ದೆ. ಮಾರುವವರು ತಿಂಗಳುಗಟ್ಟಲೆ ಆಟ ಆಡಿಸುತ್ತಿದ್ದರು. "ಹಣ ವಾಪಸ್ ತಗೊಳ್ಳಿ, ಮಗಳ ಫೀ ಕಟ್ಟೋಣ" ಎಂದಳು ನನ್ನ ಹೆಂಡತಿ. ಎಂದೂ ಕೂಗದವನು ಆವತ್ತು ಕೂಗಿದೆ. ಅದೇ ವಾರ ನಮ್ಮ ಪಾಠ ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 18ನೇ ಅಧ್ಯಾಯ. ಮೀಕ ಎಂಬವನು ಮನೆಯಲ್ಲೇ ವಿಗ್ರಹ ಇಟ್ಟುಕೊಂಡಿದ್ದ. ಇಸ್ರಾಯೇಲಿನ ದಾನ್ ಕುಲದವರು ತನ್ನ ವಿಗ್ರಹ ಹೊತ್ತೊಯ್ದಾಗ ಮೀಕನು ಹಿಂದೆ ಓಡಿಹೋಗಿ, ನನ್ನ ದೇವರುಗಳನ್ನೇ ಒಯ್ದಿರಲ್ಲಾ, ಇನ್ನು ನನಗೇನು ಉಳಿಯಿತು ಎಂದು ಕೂಗುತ್ತಾನೆ. ಓದುತ್ತಿದ್ದ ನನ್ನ ಗಂಟಲು ಕಟ್ಟಿತು. ಅದು ನನ್ನದೇ ಕೂಗು. ಯಾವುದನ್ನು ಮುಟ್ಟಿದರೆ ನಾವು ಕೂಗುತ್ತೇವೋ ಅಲ್ಲಿ ಹುಡುಕಬೇಕು ಅಂತ ಆಗ ಹೊಳೆಯಿತು.

ತಲೆಗೊಂದು ನೋಟ್‌ಬುಕ್ ತಂದೆ, ಒಟ್ಟು 400 ರೂಪಾಯಿ ಆಗಿರಬೇಕು. ರಾತ್ರಿ ಒಂದೇ ಸಾಲು: ಇವತ್ತು ಯಾವುದಕ್ಕೆ ಸಿಟ್ಟು ಬಂತು, ಯಾವುದು ಹೋಗಿಬಿಡುತ್ತೆ ಅಂತ ಭಯವಾಯಿತು. ಶನಿವಾರ ಫೋನ್‌ಪೇ ತೆರೆದು ವಾರದ ಖರ್ಚು ಪಕ್ಕದಲ್ಲಿ ಬರೆಯುವುದು. ಮೊದಲ ವಾರ ಎಲ್ಲರೂ ಚಂದಕ್ಕೆ ಬರೆಯುತ್ತಾರೆ. ಎರಡನೇ ವಾರ ಬರೀ ಟ್ರಾಫಿಕ್ಕು, ಅತ್ತೆ, ಆಫೀಸು. ಇಲ್ಲೇ ಜನ ಬಿಟ್ಟುಬಿಡುತ್ತಾರೆ, ಬಿಡಲು ಕೊಡಬೇಡಿ. ಇಪ್ಪತ್ತು ದಿನ ದಾಟಿದರೆ ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಒಬ್ಬ ಅಕ್ಕನಿಗೆ ಮಗನ ನೀಟ್ ರ್‍ಯಾಂಕ್. ನಿವೃತ್ತರಾದ ಒಬ್ಬ ಹಿರಿಯರಿಗೆ ಸಭಾ ಕಮಿಟಿಯ ಕುರ್ಚಿ. ಅವರು ಪುಸ್ತಕ ನನ್ನ ಕೈಗೆ ಕೊಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ನಾಲ್ಕನೇ ವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಮೊದಲೇ ಗೊತ್ತಾದರೆ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ.

ಶನಿವಾರದ ಖರ್ಚಿನ ಸಾಲನ್ನು ಮಾತ್ರ ಬಿಡಬೇಡಿ. ಮೀಕನ ತಾಯಿ 1,100 ಬೆಳ್ಳಿ ನಾಣ್ಯಗಳನ್ನು ಯೆಹೋವನಿಗೆ ಮುಡಿಪು ಎಂದಳು. ಅಕ್ಕಸಾಲಿಗನಿಗೆ ಕೊಟ್ಟದ್ದು 200, ಅದೂ ವಿಗ್ರಹ ಮಾಡಲಿಕ್ಕೆ. ನಮ್ಮ ಬಾಯಿಗೂ ಜೇಬಿಗೂ ಇರುವ ದೂರ ಹೆಚ್ಚು ಕಡಿಮೆ ಅಷ್ಟೇ ಅಂತ 14 ಪುಸ್ತಕ ನೋಡಿದ ಮೇಲೆ ಹೇಳುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಯನ್ನು ಹರಾಜು ಹಾಕುವಾಗ ಹೆಸರು ಕೂಗುವುದು ಬೇಡ, ಚೀಟಿಯಲ್ಲಿ ಮೊತ್ತ ಬರೆದುಕೊಡಿ ಎಂದೆವು. ಹಿಂದಿನ ವರ್ಷ 60 ಸಾವಿರದ ಹತ್ತಿರ ಬಂದಿತ್ತು, ಈ ಸಲ 40 ದಾಟಲಿಲ್ಲ. ಕುಂಬಳಕಾಯಿಗೆ ಸಾವಿರಗಟ್ಟಲೆ ಕೂಗಿದ್ದರಲ್ಲಿ ದೇವರ ಪಾಲು ಎಷ್ಟು, ಹೆಸರಿನ ಪಾಲು ಎಷ್ಟು ಅಂತ ಕಂಡಿತು, ಅಲ್ವಾ? ಮೋಶೆ ಮಾಡಿಸಿದ ತಾಮ್ರದ ಸರ್ಪವೂ ಹಾವು ಕಚ್ಚಿದ ಜನರನ್ನು ಬದುಕಿಸಲೆಂದೇ ಇದ್ದದ್ದು. ಅದಕ್ಕೆ ಧೂಪ ಹಾಕತೊಡಗಿದಾಗ ಯೆಹೂದದ ಅರಸ ಹಿಜ್ಕೀಯ ಅದನ್ನು ಒಡೆದು ಹಾಕಿದ. ಹರಾಜನ್ನು ನಾವು ಒಡೆಯಲಿಲ್ಲ, ಚೀಟಿಯನ್ನೇ ಮುಂದುವರಿಸಿದ್ದೇವೆ. ಖಜಾಂಚಿಗೆ ಈಗಲೂ ಬೇಸರವಿದೆ.

ಸೈಟಿನ ಮುಂಗಡದಲ್ಲಿ ಒಂದೂವರೆ ಲಕ್ಷ ವಾಪಸ್ ಬಂತು, ಮಗಳ ಫೀ ಕಟ್ಟಿದೆವು. ಉಳಿದ ಐವತ್ತು ಸಾವಿರದ ಸಾಲು ನನ್ನ ಪುಸ್ತಕದಲ್ಲಿ ಆಗಾಗ ಬರುತ್ತಲೇ ಇದೆ. ಮುಂದಿನ ಬೂದಿ ಬುಧವಾರಕ್ಕೆ, ಅಂದರೆ ಲೆಂಟ್‌ನ ಮೊದಲ ದಿನಕ್ಕೆ, ಯುವಕರ ಗುಂಪು ಶುರು ಮಾಡುತ್ತದೆ. 20 ನೋಟ್‌ಬುಕ್ ತಂದಿಟ್ಟಿದ್ದೇನೆ.